ಸಕ್ಕರೆ ತೆಗೆದುಕೊಂಡ ದಿನ

ಹಿತ್ತಲಲ್ಲಿ ಹಂಡೆ ತಿಕ್ಕುತ್ತಿದ್ದ ಸಿದ್ದಲಿಂಗವ್ವ ಒಳಗಿನ ಗದ್ದಲ ಕೇಳಿ ಬೂದಿಗೈಯಲ್ಲೇ ಓಡಿಬಂದಳು. ಪಡಸಾಲೆಯಲ್ಲಿ ಓಣಿಯ ಐದು ಮಂದಿ ಮುತ್ತೈದೆಯರು ಸಾಲಾಗಿ ಕೂತಿದ್ದರು. ಅವ್ವ ಗುರುಸಿದ್ದವ್ವ ದೇವರ ಜಗುಲಿಯ ಮೇಲಿನ ತಾಟಿನಿಂದ ಒಬ್ಬೊಬ್ಬರ ಬಾಯಿಗೂ ಸಕ್ಕರೆ ಹಾಕುತ್ತಿದ್ದಳು.

"ಏನವ್ವಾ ಇದು?"

"ನಿಂದು ಸಕ್ಕರಿ ಆತು ನೋಡ, ಸಿದ್ದೀ! ಬೆಳ್ಳಟ್ಟಿಯವರು ಒಪ್ಯಾರ!"

ಸಿದ್ದಲಿಂಗವ್ವನಿಗೆ ಗರ ಬಡಿದಂತಾಯಿತು.

ನಮ್ಮ ಸೀಮೆಯಲ್ಲಿ ಸಕ್ಕರೆ ಅಂದರೆ ಬರೀ ಸಿಹಿಯಲ್ಲ. ಗಂಡಿನ ಕಡೆಯಿಂದ ಬಂದ ಸಕ್ಕರೆಯನ್ನು ದೇವರ ಜಗುಲಿಗೆ ಇಟ್ಟು, ಐದು ಮುತ್ತೈದೆಯರ ಬಾಯಿಗೆ ಹಾಕಿದರೆ ಮುಗಿಯಿತು, ಹುಡುಗಿ ಆ ಮನೆಯವಳು. "ದೀಪಾವಳಿಯೊಳಗ ಸಕ್ಕರಿ ಬಂತಂದ್ರ ಹೂಂ, ಬರಲಿಲ್ಲಂದ್ರ ಇಲ್ಲ" ಎಂದು ಬೆಳ್ಳಟ್ಟಿಯವರು ಹೇಳಿಹೋಗಿದ್ದರು. ಏಳುವಾಗ ಇನ್ನೊಂದು ಮಾತು ಸೇರಿಸಿದ್ದರು: "ಲಗ್ನಾದ ಮ್ಯಾಲ ಪುಸ್ತಕಾ, ಪರೀಕ್ಷಾ ಏನೂ ನಡಿಯಂಗಿಲ್ಲ." ಸಿದ್ದಲಿಂಗವ್ವ ಮನೆಯಲ್ಲೇ ಕೂತು ಮ್ಯಾಟ್ರಿಕ್‌ಗೆ ಓದುತ್ತಿದ್ದಳು. ಅಮಾವಾಸ್ಯೆಗೆ ಒಂದೇ ದಿನ ಉಳಿದಿತ್ತು. ಸಕ್ಕರೆ ಬರಲಿಕ್ಕಿಲ್ಲ ಎಂದು ಆಗಷ್ಟೇ ಉಸಿರು ಬಿಟ್ಟಿದ್ದಳು.

"ಯಾರು ತಂದ್ರು?"

"ದೇವೇಂದ್ರಪ್ಪ ಮಾಸ್ತರು. ನಿನ್ನೆ ಬೆಳ್ಳಟ್ಟಿಗೆ ಭಾಷಣಕ್ಕ ಹೋಗಿದ್ರಲ್ಲ, ಅವರ ಕೈಯಾಗ ಕಳಿಸ್ಯಾರ. 'ಸಕ್ಕರಿ ತಗೋರಿ ಅವ್ವಾರ' ಅಂದು ತಾಟು ಕೊಟ್ಟವರ, ನಿಂದರಲೇ ಇಲ್ಲ. ಪಾಪ, ಏನ ಗಡಿಬಿಡಿ!"

ಇದು ಎರಡನೆಯ ಪೆಟ್ಟು. ಬೇರೆ ಯಾರೇ ತಂದಿದ್ದರೂ ನುಂಗಿಕೊಳ್ಳುತ್ತಿದ್ದಳೇನೋ. ಅವರೇ ತಂದರೇ? ತಮ್ಮ ಕೈಯಾರೆ?

ಮುಂಡರಗಿಯ ದೇವೇಂದ್ರಪ್ಪ ಲಕ್ಷ್ಮೇಶ್ವರದ ಹೈಸ್ಕೂಲಿಗೆ ಇಂಗ್ಲಿಷ್ ಮಾಸ್ತರರಾಗಿ ಬಂದವರು. ಪ್ರತಿ ರವಿವಾರ ಮಧ್ಯಾಹ್ನ ಈ ಪಡಸಾಲೆಯಲ್ಲಿ ಪಾಠ. ಮಾಸ್ತರರು ಆ ಗೋಡೆಗೆ, ಸಿದ್ದಲಿಂಗವ್ವ ಈ ಗೋಡೆಗೆ, ನಡುವೆ ಗಡಿಕಲ್ಲಿನಂತೆ ಅವ್ವ, ಮೊರದ ತುಂಬ ಜೋಳ. ಆರು ವಾರದಿಂದ ಒಂದೇ ಶಬ್ದ ನಡೆದಿತ್ತು, 'ಟೇಕ್'.

"ಟೇಕ್ ಎ ಸೀಟ್ ಅಂದ್ರ ಕುಂಡ್ರು. ಟೇಕ್ ಮೆಡಿಸಿನ್ ಅಂದ್ರ ಔಷಧ ಕುಡಿ. ಟೇಕ್ ಎ ಬಾತ್, ಜಳಕಾ ಮಾಡು. ಟೇಕ್ ಲೀವ್..."

"ಒಂದ ಶಬ್ದಕ್ಕ ಇಷ್ಟ ಕೆಲಸೇನ್ರಿ?" ಅವ್ವನಿಗೆ ತಡೆಯಲಾಗಿರಲಿಲ್ಲ. "ಭಾಳ ಬಡವರ ಭಾಷಾ ಕಾಣತೈತಿ. ಮನ್ಯಾಗ ಒಂದ ಚರಗಿ ಇದ್ದವರು ಅದರಾಗ ನೀರೂ ಕುಡೀತಾರ, ಜಳಕಾನೂ ಮಾಡತಾರ."

ಮಾಸ್ತರರು ನಕ್ಕಿದ್ದರು. ನಗುತ್ತ ಈ ಗೋಡೆಯ ಕಡೆ ನೋಡಿದ್ದರು. ನೋಡಿದವರು ತಟ್ಟನೆ ಪುಸ್ತಕಕ್ಕೆ ಕಣ್ಣಿಳಿಸಿದ್ದರು. ಪುಸ್ತಕ ತಲೆಕೆಳಗಾಗಿತ್ತು.

ಹೋದ ರವಿವಾರ ಅವಳೇ ಕೆಣಕಿದ್ದಳು. "ಮಾಸ್ತರ, ಡಿಕ್ಷನರಿಯಾಗ ಇನ್ನೊಂದು ಅರ್ಥ ಐತಲ್ರಿ. ಟೇಕ್ ಎ ವೈಫ್ ಅಂತ. ನೀವು ಹೇಳಿಕೊಡಲೇ ಇಲ್ಲ."

ಮಾಸ್ತರರ ಕಿವಿ ಬದನೆಯ ಬಣ್ಣಕ್ಕೆ ತಿರುಗಿತ್ತು. "ಅದು... ಪರೀಕ್ಷೆಗೆ ಬರಂಗಿಲ್ಲರಿ."

"ಬಂದ್ರ?"

"ಬಂದ್ರ ಬಿಟ್ಟುಬಿಡ್ರಿ. ಒಂದು ಬಿಟ್ರ ಫೇಲಾಗಂಗಿಲ್ಲ."

ಹಾಗಂದವರು ಈಗ ತಾವೇ ಬಿಟ್ಟುಕೊಟ್ಟರೇ?

ಕಣ್ಣು ತುಂಬಿ ಬರುವಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಅರಳೆ ಅಂಗಡಿಯಿಂದ ಅಪ್ಪ ಅಂದಾನಪ್ಪ ಬಂದಿದ್ದ. ಜೊತೆಗೆ ಬೆಳ್ಳಟ್ಟಿಯ ಹುಡುಗನ ಸೋದರಮಾವ ಮುದಕಪ್ಪ. ಕಂಕುಳಲ್ಲಿ ಕೆಂಪು ವಸ್ತ್ರದ ಗಂಟು.

ಮುದಕಪ್ಪ ಐದೂ ಬಾಯಿ ನೋಡಿದ. "ಏನ್ರೆವ್ವಾ, ಯಾರ ಸಕ್ಕರಿ ಇದು?"

"ನಿಮ್ಮದರಿ! ಮಾಸ್ತರ ಕೈಯಾಗ ಕಳಿಸಿದ್ದು."

"ನಮ್ಮದು ಇಲ್ಲೈತಿ," ಎಂದು ಮುದಕಪ್ಪ ಗಂಟು ತಟ್ಟಿದ. "ಇದು ಕನ್ನಡ ರಾಜ್ಯ ಒಂದಾತಂತ ಹೈಸ್ಕೂಲದವರು ಓಣಿ ಓಣಿ ಹಂಚೋ ಸಕ್ಕರಿ. ಬಸ್ ಇಳಿಯೂದ ತಡ, ನನ್ನ ಬಾಯಾಗೂ ಹಾಕಿದ್ರು!"

ಅವ್ವನ ಕೈಯ ಸಕ್ಕರೆ ಕೈಯಲ್ಲೇ ಉಳಿಯಿತು. "ಅಯ್ಯ ನನ ಶಿವನ! ಮಿರಜದವರ ಕಡೆ ಇದ್ವಿ, ಮುಂಬಯಿ ಕಡೆ ಹೋದ್ವಿ, ಈಗ ಮೈಸೂರು. ನಾ ಹೊಸ್ತಿಲಾ ದಾಟಿಲ್ಲ, ಮೂರು ರಾಜ್ಯ ಆದ್ವು. ಇದಕ್ಕ ಸಕ್ಕರಿ ಹಂಚತಾರಂತ ನನಗ ಹೆಂಗ ತಿಳೀಬೇಕು?"

"ತಿಳೀಲಿ ಬಿಡಲಿ, ಜಗುಲಿಗೆ ಇಟ್ಟೀರಿ, ಐದು ಮಂದಿ ತಿಂದಾರ." ಮುದಕಪ್ಪನ ದನಿ ಗಡುಸಾಯಿತು. "ನಾಳೆ ಊರು ಏನಂತೈತಿ? ಮಾಸ್ತರ ಜೋಡಿ ಸಕ್ಕರಿ ಆದ ಹುಡುಗಿನ್ನ ಬೆಳ್ಳಟ್ಟಿಯವರು ಮಾಡಿಕೊಂಡ್ರು ಅಂತೈತಿ. ಕರೀರಿ ಮಾಸ್ತರನ್ನ. ಇದು ಬರೀ ರಾಜ್ಯದ ಸಕ್ಕರಿ, ನಂದೇನೂ ಇಲ್ಲ ಅಂತ ಎಲ್ಲಾರ ಮುಂದ ಹೇಳಲಿ. ಆಮ್ಯಾಲ ನಮ್ಮ ಗಂಟು ಜಗುಲಿಗೇರತೈತಿ."

ಅಪ್ಪನೇ ಓಣಿಯ ಆ ತುದಿಗೆ ಹೋಗಿ ಕರೆತಂದ. ದೇವೇಂದ್ರಪ್ಪ ಟೋಪಿ ಕೈಯಲ್ಲಿ ಹಿಡಿದು ನಿಂತರು. ಬೆರಳುಗಳಿಗೆ ಇನ್ನೂ ಸಕ್ಕರೆ ಅಂಟಿತ್ತು. ಸಿದ್ದಲಿಂಗವ್ವ ಕಂಬ ಹಿಡಿದುಕೊಂಡಳು. ಒಂದು ಸುಳ್ಳು ಹೇಳಲಿ ದೇವರೇ, ಒಂದೇ ಒಂದು!

"ಮಾಸ್ತರ, ಯಾವ ಸಕ್ಕರಿ ಅದು?" ಅಪ್ಪ ಕೇಳಿದ.

"ರಾಜ್ಯದ ಸಕ್ಕರಿರಿ."

ಮುಗಿಯಿತು. ಮುದಕಪ್ಪ ನಗುತ್ತ ಗಂಟು ಎತ್ತಿ ಜಗುಲಿಯ ಕಡೆ ಹೆಜ್ಜೆ ಹಾಕಿದ.

"ತಡೀರಿ. ಅರ್ಧಾ ಹೇಳಿದ್ರ ಸುಳ್ಳು ಹೇಳಿಧಂಗ." ಮಾಸ್ತರರು ಟೋಪಿ ಹಿಂಡುತ್ತ ಅಂದರು. "ಈ ಓಣಿ ನನ್ನ ಪಾಲಿಗೆ ಬಂದಿರಲಿಲ್ಲರಿ. ರಹಮಾನಸಾಬ ಮಾಸ್ತರ ಪಾಲಿಗೆ ಬಂದಿತ್ತು. ಕೈ ಮುಗದು ಬೇಡಿ ಇಸಗೊಂಡೆ. ಈ ಮನಿ ಬಾಗಿಲಿಗೆ ಸಕ್ಕರಿ ತರೂದು ನನ್ನ ಹಣಿಬರದಾಗ ಇಲ್ಲಂತ ಗೊತ್ತಿತ್ತು. ರಾಜ್ಯದ ನೆವದಾಗರ ಒಮ್ಮಿ ತರೂಣಂತ ತಂದೆ."

ಸಿದ್ದಲಿಂಗವ್ವನ ಎದೆ ಒಂದು ಬಡಿತ ಮರೆತು, ಮರುಕ್ಷಣ ಎರಡು ಬಡಿಯಿತು.

"ಅಂದಾನಪ್ಪಾ, ಈಗೇನಂತಿ? ನಮ್ಮ ಗಂಟು ಒಳಗೋ ಹೊರಗೋ?" ಮುದಕಪ್ಪ ತಿರುಗಿ ನಿಂತು ಕೇಳಿದ.

"ನಾವು ತಿಂದದ್ದನ್ನ ಏನ ಮಾಡೂಣ್ರಿ? ಉಗುಳಾಕಂತೂ ಬರಂಗಿಲ್ಲ!" ಸಾಲಿನ ತುದಿಯಿಂದ ಗದಿಗೆವ್ವ ಅಂದಳು.

ತಂದವರು ಮಾತಾಡಿದರು, ತಿಂದವರು ಮಾತಾಡಿದರು. ಯಾರ ಮದುವೆಯ ಮಾತೋ ಆಕೆಗೆ ಮಾತ್ರ ಇಷ್ಟು ಹೊತ್ತಾದರೂ ಒಂದು ಕಾಳು ಸಕ್ಕರೆ ಕೊಟ್ಟಿರಲಿಲ್ಲ. ಆರು ವಾರ ಬರೆದು ಬರೆದು ಬಾಯಿಪಾಠ ಮಾಡಿದ ಆ ಶಬ್ದದ ಎಲ್ಲ ಅರ್ಥಗಳೂ ಆ ಗಳಿಗೆ ಸಿದ್ದಲಿಂಗವ್ವನಿಗೆ ಒಂದೇ ಆಗಿ ಕಂಡವು. ಯಾವ ಅರ್ಥವಾದರೂ ಇರಲಿ, ಮೊದಲು ಕೈ ಚಾಚಬೇಕು.

ಅವಳು ಕಂಬ ಬಿಟ್ಟಳು. ಬೂದಿಗೈಯನ್ನು ಸೆರಗಿಗೆ ಒರೆಸಿಕೊಂಡಳು. ಎಲ್ಲರೂ ನೋಡುತ್ತಿದ್ದಂತೆ ಜಗುಲಿಯ ತಾಟು ಎತ್ತಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು.

"ಸಿದ್ದೀ!" ಅವ್ವ ಚೀರಿದಳು.

ಅಪ್ಪ ಮಗಳ ಬಾಯಿ ನೋಡಿದ. ಆಮೇಲೆ ಮುದಕಪ್ಪನ ಎರಡೂ ಕೈ ಹಿಡಿದುಕೊಂಡ. "ತಪ್ಪಾತ್ರಿ. ಸಿಟ್ಟಾಗಬ್ಯಾಡ್ರಿ, ಉಂಡು ಹೋಗ್ರಿ."

"ಉಣ್ಣಾಕ ಏನೈತಿ ಮಾರಾಯಾ." ಮುದಕಪ್ಪ ಗಂಟು ಕಂಕುಳಿಗೆ ಸಿಗಿಸಿದ. "ಬಾಯಿ ಸಿಹಿ ಮಾಡಿ ಕುಂದರಿಸ್ಯಾರ, ನೆಟ್ಟಗ ಬೈಯಾಕೂ ಆಗವಲ್ದು!" ಎನ್ನುತ್ತ ಮೆಟ್ಟಿಲಿಳಿದು ಹೋದ.

ಅಪ್ಪ ಈ ಕಡೆ ತಿರುಗಿದ. "ಮಾಸ್ತರ, ಪರೀಕ್ಷಾ ಯಾವಾಗ?"

"ಮಾರ್ಚಿನ್ಯಾಗ್ರಿ."

"ಹಂಗಾದ್ರ ಲಗ್ನ ಏಪ್ರಿಲಿನ್ಯಾಗ. ಅಲ್ಲೀತನಕ ನಿಮ್ಮ ಪಾಠ ಬಂದ್. ರಹಮಾನಸಾಬ ಮಾಸ್ತರು ಕಲಿಸಲಿ."

"ಬಂದ್?" ದೇವೇಂದ್ರಪ್ಪನವರು ತೆರೆದ ಬಾಯಿ ಮುಚ್ಚಲಿಲ್ಲ.

ಸಿದ್ದಲಿಂಗವ್ವ ತಾಟು ಹಿಡಿದು ಹತ್ತಿರ ಹೋದಳು. ಅಪ್ಪ ನೋಡುತ್ತಿದ್ದ, ಅವ್ವ ನೋಡುತ್ತಿದ್ದಳು, ಐದೂ ಮಂದಿ ಮುತ್ತೈದೆಯರು ಕಣ್ಣು ಪಿಳುಕಿಸದೆ ನೋಡುತ್ತಿದ್ದರು. ಆ ತೆರೆದ ಬಾಯಿಗೆ ಒಂದು ಹಿಡಿ ಸಕ್ಕರೆ ಹಾಕಿ ಒಳಗೆ ಓಡಿಬಿಟ್ಟಳು.