ಕ್ಲಾರಿನೆಟ್‌ನ ಕೀರಲು

"ಕೀಂಯ್!"

ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತಿದ್ದ ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು. ಡ್ರಮ್ ಬಾರಿಸುತ್ತಿದ್ದ ಗಂಗುಬಾಯಿಯ ಕೈಯಿಂದ ಕೋಲು ಜಾರಿ ಬಿತ್ತು. ಮೀರಾ ಕ್ಲಾರಿನೆಟ್ಟನ್ನು ಬಾಯಿಂದ ತೆಗೆದು, ಅದನ್ನೇ ದಿಟ್ಟಿಸಿ ನೋಡಿದಳು.

"ಮತ್ತ ಶುರು ಮಾಡ್ರಿ" ಎಂದರು ಬ್ಯಾಂಡ್ ಕಲಿಸುವ ಅಲ್ಲಾಬಕ್ಷ ಉಸ್ತಾದರು. ಅವರು ನಗಲೂ ಇಲ್ಲ, ಬೈಯಲೂ ಇಲ್ಲ.

ಮತ್ತೆ ಶುರುವಾಯಿತು. ಧಾಟಿ ಕೆಳಗಿನ ಸ್ವರಕ್ಕೆ ಇಳಿದ ಕೂಡಲೇ ಮತ್ತೆ "ಕೀಂಯ್!"

ಬಸವಕಲ್ಯಾಣದ ಆ ಶಾಲೆಯಲ್ಲಿ ಇದ್ದದ್ದು ಒಂದೇ ಕ್ಲಾರಿನೆಟ್. ಮೊದಲು ಅದನ್ನು ಊದುತ್ತಿದ್ದವಳು ಮೀರಾ. ಆಮೇಲೆ ಅವಳ ಅವ್ವನಿಗೆ ಕಾಯಿಲೆಯಾಯಿತು. ಮೀರಾಳನ್ನು ಮೋರಖಂಡಿಯ ಅಜ್ಜಿಯ ಮನೆಗೆ ಕಳಿಸಿದರು. ಅವಳು ವರ್ಷವಿಡೀ ಅಲ್ಲಿಯ ಶಾಲೆಗೇ ಹೋದಳು. ಈಗ ಅವ್ವ ಗುಣವಾಗಿದ್ದಾಳೆ, ಮೀರಾ ವಾಪಸು ಬಂದಿದ್ದಾಳೆ.

ಅವಳಿಲ್ಲದಾಗ ಕ್ಲಾರಿನೆಟ್ ಕಲಿತವಳು ಭೀಮಬಾಯಿ, ಕುರಿ ಕಾಯುವವರ ಮನೆಯ ಹುಡುಗಿ. ಮೀರಾ ಬಂದ ದಿನ ಉಸ್ತಾದರು, "ಭೀಮಿ, ಆಕೀದು ಆಕಿಗಿ ಕೊಡು" ಎಂದಿದ್ದರು. ಭೀಮಿ ಕೊಟ್ಟಳು. ಹಿತ್ತಾಳೆಯ ತಾಳ ತೆಗೆದುಕೊಂಡು ಹಿಂದಿನ ಸಾಲಿಗೆ ಹೋಗಿ ನಿಂತಳು.

"ಉಸ್ತಾದ್, ಇದು ಕೆಟ್ಟದ ರೀ" ಎಂದಳು ಮೀರಾ.

ಉಸ್ತಾದರು ಕ್ಲಾರಿನೆಟ್ ಇಸಿದುಕೊಂಡರು. ಊದುವ ತುದಿಗೆ ಕಟ್ಟಿದ, ದನಿ ಹೊರಡಿಸುವ ತೆಳ್ಳನೆಯ ಪತ್ತಿಯನ್ನು ಬಿಚ್ಚಿದರು. ನೀರಲ್ಲಿ ನೆನೆಸಿದರು. ಸ್ವಲ್ಪ ಸೊಟ್ಟಗಿದ್ದದ್ದನ್ನು ನೆಟ್ಟಗೆ ಕೂಡಿಸಿ ಬಿಗಿ ಮಾಡಿದರು. ಆಮೇಲೆ ತಾವೇ ಊದಿದರು. ಮೇಲಿನಿಂದ ಕೆಳಗಿನ ಸ್ವರದವರೆಗೆ ದನಿ ಎಣ್ಣೆಯ ಹಾಗೆ ಇಳಿಯಿತು.

"ಬಾಜಾಕ್ಕ ಏನೂ ಆಗಿಲ್ಲ, ಬೇಟಿ. ನೀ ಹಲ್ಲ ಊರಾಕತ್ತಿ. ತುಟಿ ಮೆತ್ತಗ ಇಡು, ಗಾಳಿ ಜೋರ ಬಿಡು."

ಮೀರಾ ಹಾಗೇ ಮಾಡಿದಳು. ಮೇಲಿನ ಸ್ವರಗಳು ಸರಿಹೋದವು. ಕೆಳಗಿನದು ಮಾತ್ರ ಕೀರಿತು.

"ಶನಿವಾರ ಹುಮನಾಬಾದದಾಗ ಕಾಂಪಿಟೇಶನ್ ಅದ. ಶುಕ್ರವಾರತನ ನೋಡ್ತೀನಿ. ಆವಾಜ್ ಸಾಫ್ ಆಗಲಿಲ್ಲಂದ್ರ ಭೀಮಿ ಊದ್ತಾಳ" ಎಂದು ಉಸ್ತಾದರು ಸೈಕಲ್ ಹತ್ತಿದರು.

ಎಲ್ಲರೂ ಮನೆಗೆ ಹೊರಟ ಮೇಲೆ ಮೀರಾ ಗೇಟಿನ ಹತ್ತಿರ ಭೀಮಿಯನ್ನು ತಡೆದಳು.

"ನೀನೇ ಏನೋ ಮಾಡಿದಿ. ನಾ ಹೋಗೋಮುಂದ ಛಲೋ ಇತ್ತು."

ಭೀಮಿ ಅವಳ ಮುಖ ನೋಡಿದಳು. ಪಾಟಿಚೀಲ ಹೆಗಲಿಗೇರಿಸಿ ನಡೆದಳು.

ಗುರುವಾರ ಊಟದ ಬಿಡುವಿನಲ್ಲಿ ಮೀರಾ ಶಾಲೆಯ ಹಿಂದೆ ಒಬ್ಬಳೇ ಕುಳಿತು ಊದುತ್ತಿದ್ದಳು. ಕೀಂಯ್. ಕೀಂಯ್. ಅವಳ ಕಣ್ಣು ತುಂಬಿತ್ತು. ತಲೆ ಎತ್ತಿದರೆ ಎದುರಿಗೆ ಭೀಮಿ.

"ನಗಾಕ ಬಂದೀಯೇನು?"

"ಅಲ್ಲಿತನ ಕೇಳ್ಸಾಕತ್ತದ. ಕಿವಿಗಿ ತಡೀಲಾಕ ಆಗವಲ್ದು." ಭೀಮಿ ಕುಕ್ಕರಗಾಲಲ್ಲಿ ಕುಳಿತಳು. "ಎಲ್ಲಾ ತೂತ ಮುಚ್ಚು. ಗಟ್ಟಿ ಒತ್ತು. ಹಾಂ, ಈಗ ಕೈ ತೆಗಿ, ಬಟ್ಟ ತೋರ್ಸು."

ಮೀರಾಳ ಬೆರಳುಗಳ ಮೇಲೆ ತೂತುಗಳ ದುಂಡನೆಯ ಗುರುತುಗಳು ಮೂಡಿದ್ದವು. ಎಡಗೈಯಲ್ಲಿ ಎಲ್ಲವೂ ಬೆರಳ ತುದಿಯ ಮೆತ್ತನೆಯ ಜಾಗದಲ್ಲಿದ್ದವು. ಬಲಗೈಯ ಉಂಗುರದ ಬೆರಳಲ್ಲಿ ಮಾತ್ರ ಗುರುತು ಕೆಳಗೆ, ಗೆಣ್ಣಿನ ಗೆರೆಯ ಮೇಲಿತ್ತು. ಅದೂ ಅರ್ಧ.

"ನೋಡು. ಬಟ್ಟ ತೂತ ದಾಟಿ ಹೋಗಾಕತ್ತದ. ಗೆರಿ ಸಂದ್ಯಾಗಿಂದ ಗಾಳಿ ಹೊರಗ ಬರ್ತದ."

"ಮೊದಲ ಹಿಂಗ ಇಟ್ಟರ ಸರಿ ಬರ್ತಿತ್ತಲ್ಲ?"

"ಮೊದಲ ನೀ ಎಷ್ಟ್ ಸಣ್ಣಕಿದ್ದಿ?"

ಮೀರಾ ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಳು. ಆಗ ಆ ತೂತು ಮುಟ್ಟಬೇಕಾದರೆ ಬೆರಳನ್ನು ಎಳೆದು ಚಾಚಬೇಕಾಗಿತ್ತು. ಕೈ ಈಗಲೂ ಹಾಗೇ ಚಾಚುತ್ತಿತ್ತು. ಬೆರಳು ಬೆಳೆದದ್ದು ಕೈಗೇ ಗೊತ್ತಿರಲಿಲ್ಲ!

ಅವಳು ಬೆರಳನ್ನು ಸ್ವಲ್ಪ ಹಿಂದಕ್ಕೆ ತಂದು ಊದಿದಳು. ಕೆಳಗಿನ ಸ್ವರ ದಪ್ಪಗೆ, ತುಂಬಿಕೊಂಡು ಬಂತು. ಅವಳಿಗೇ ಬೆಚ್ಚಿದಂತಾಯಿತು. ಇನ್ನೊಂದು ಸಲ ಊದಿದಳು. ಮತ್ತೆ ಬಂತು.

ಹೊರಳಿ ನೋಡಿದಾಗ ಭೀಮಿ ಆಗಲೇ ಎದ್ದು, ಲಂಗದ ಧೂಳು ಕೊಡವುತ್ತ ಹೋಗುತ್ತಿದ್ದಳು.

ಶನಿವಾರ ಹುಮನಾಬಾದಿನ ಮೈದಾನದಲ್ಲಿ ಮೀರಾ ಊದಿದಳು. ಒಂದು ಕಡೆ ಉಸಿರು ಸಾಲದೆ ದನಿ ಅಲುಗಿತು, ಆದರೆ ಎಲ್ಲಿಯೂ ಕೀರಲಿಲ್ಲ. ಶಾಲೆಗೆ ಎರಡನೆಯ ನಂಬರು ಬಂತು. ಉಸ್ತಾದರು ಎಲ್ಲರಿಗೂ ಬಿಸಿ ಭಜಿ ಕೊಡಿಸಿದರು.

ಸಂಜೆಯ ಬಸ್ಸು ತುಂಬಿತ್ತು. ಮೀರಾ ಕ್ಲಾರಿನೆಟ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಬಳಿ ಕುಳಿತಳು. ಪಕ್ಕದಲ್ಲಿ ಭೀಮಿ. ಹಿಂದಿನ ಹುಡುಗಿಯರು ಹಾಡುತ್ತಿದ್ದರು. ಭೀಮಿ ಹಾಡುತ್ತಿರಲಿಲ್ಲ.

ಅವಳ ಕೈಗಳು ಮುಂದಿನ ಸೀಟಿನ ಕಬ್ಬಿಣದ ಕಂಬಿಯ ಮೇಲಿದ್ದವು. ಬೆರಳುಗಳು ಒಂದೊಂದಾಗಿ ಏಳುತ್ತಿದ್ದವು, ಇಳಿಯುತ್ತಿದ್ದವು. ಮೀರಾ ಸ್ವಲ್ಪ ಹೊತ್ತು ನೋಡಿದಳು. ಅದು ಬೆಳಿಗ್ಗೆ ತಾನು ಊದಿದ್ದ ಧಾಟಿ, ಮೊದಲಿನಿಂದ ಕೊನೆಯವರೆಗೆ. ಎಲ್ಲಿಯೂ ತಪ್ಪಿರಲಿಲ್ಲ.

ಮೀರಾ ಪೆಟ್ಟಿಗೆಯನ್ನು ತೊಡೆಯಿಂದ ಎತ್ತಿ ಇಬ್ಬರ ನಡುವೆ ಇಟ್ಟಳು.