ಚಾಪೆಯಡಿಯ ಬಿಸಿ

"ನೆಲದಡಿ ರಿಪೇರಿಗೆ ಕೆಲಸದವ್ರನ್ನ ಕರೆಸ್ರೀ ಅಂದ್ರೆ ಜಂಬ! ನಿಮ್ಮ ಹೊಟ್ಟೆ ಆ ಕಿಂಡೀಲಿ ತೂರುತ್ತಾ? ಈ ಚಳೀಲಿ ನನ್ನ ಕೈಲಾಗಲ್ಲ, ತಂಗಿ ಮನೆಗೆ ಹೋಗ್ತೀನಿ!" ಎಂದು ಹೆಂಡತಿ ಸೆತ್ಸುಯೊ ಕೂಗಾಡಿದಳು.

"ಬಾಯ್ಮುಚ್ಚೇ! ನಾನೇ ಮಾಡ್ತೀನಿ," ಎಂದು ಅಡುಗೆಮನೆಯ ನೆಲದ ಮುಚ್ಚಳ ತೆಗೆದು, ಮೂಲಂಗಿ ಉಪ್ಪಿನಕಾಯಿಯ ಡಬ್ಬ ಎತ್ತಿಟ್ಟು ಕೆಳಗಿಳಿದೆ.

ನಮ್ಮ ನಗಾನೊದ ಮನೆಗಳಲ್ಲಿ ನೆಲದ ಹಲಗೆಗೂ ಮಣ್ಣಿಗೂ ನಡುವೆ ತೆವಳುವಷ್ಟೇ ಜಾಗ. ಚಳಿ ತಡೆಯಲು ಹಲಗೆಯಡಿ ಸಿಕ್ಕಿಸಿದ್ದ ಗಾಜಿನ ಹತ್ತಿ ಕಳಚಿ ಬಿದ್ದಿತ್ತು. ಕೊಳೆತ ಮೀನಿನ ವಾಸನೆ. ಮುಟ್ಟಿದರೆ ಅಂಟಂಟು, ಹತ್ತಿಯ ತುಂಬಾ ಉದ್ದುದ್ದ ಕೂದಲು. ನಾವು ಮಲಗುವ ಕೋಣೆಯ ಕೆಳಗೆ, ಮಣ್ಣಿನಲ್ಲಿ ಆಳುದ್ದದ ಗುಳಿ. ಸುತ್ತಲ ಮಣ್ಣು ಹೆಪ್ಪುಗಟ್ಟಿತ್ತು. ಗುಳಿ ಮಾತ್ರ ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯಂತೆ ಬೆಚ್ಚಗಿತ್ತು. ಹಳೇ ಹತ್ತಿಯನ್ನೆಲ್ಲಾ ಚೀಲಕ್ಕೆ ತುಂಬಿ ಎಸೆದು, ಹೊಸ ಹತ್ತಿ ಸಿಕ್ಕಿಸಿದೆ. ಅವಳಿಗೆ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅವಳು ತನ್ನ ಹಾಸಿಗೆ ಮಡಚಿ, ಕೆಳಗಿನ ಚಾಪೆ ಮುಟ್ಟಿದಳು.

"ಇಲ್ಲಿ ಮಾತ್ರ ಯಾಕ್ರೀ ಬಿಸಿ?"

"ನೀನು ಮಲಗಿದ್ದೆಯಲ್ಲೇ, ಪೆದ್ದಿ."

"ನಾನೆಲ್ಲಿ ಮಲಗಿದ್ದೆ? ರಾತ್ರಿಯೆಲ್ಲಾ ಹೀಟರ್ ಮುಂದೆ ಕೂತಿದ್ದೆ."

ಅಂಗೈ ಮೂಸಿ ನೋಡಿದಳು. "ಥೂ, ಕೊಳೆತ ಮೀನಿನ ನಾತ!" ಎಂದು ಮೂಗಿಗೆ ತೋಳು ಒತ್ತಿಕೊಂಡು, ಕೋಟು ಎಳೆದುಕೊಂಡು ಹೊರಟೇಹೋದಳು. ತಂಗಿಯ ಮನೆಯಲ್ಲೇ ಇದ್ದಾಳೆ. ಎಷ್ಟು ಕರೆದರೂ ಬರಲಿಲ್ಲ.

ಅವಳ ಕಡೆಯ ಚಾಪೆ ಅಂದೇ ತಣ್ಣಗಾಯಿತು. ಈಗ ಬೆಚ್ಚಗಿರುವುದು ನನ್ನ ಕಡೆಯದು.