ಬ್ಯಾಂಡ್ ಸರಿದ ದಿನ

“ನನ್ನ ಪ್ಲಾಟಿನಂ ಅಂಟ್ತಿಲ್ಲ ಅಂದ್ರೆ ನಿನ್ನ ಡಿಎನ್‌ಎನೇ ಸರಿಯಿಲ್ಲ,” ಎಂದು ಅವಳು ಜಗಳಕ್ಕೇ ನಿಂತಳು.

“ನನ್ನ ಡಿಎನ್‌ಎ ಪಾಪದ್ದು. ನಿನ್ನ ಪ್ಲಾಟಿನಂಗೇ ಜಂಬ, ಮೇಡಂ,” ಎಂದ ಅವನು, ಕಣ್ಣಲ್ಲೇ ನಗುತ್ತ.

ಕೆಮಿಸ್ಟ್ರಿ ವಿಭಾಗದ ಅವಳು ಪ್ಲಾಟಿನಂ ಸಂಯುಕ್ತ ತಯಾರಿಸಿ ಕೊಡುತ್ತಿದ್ದಳು. ಮೇಲಿನ ಮಹಡಿಯ ಬಯಾಲಜಿ ಲ್ಯಾಬಿನಲ್ಲಿ ಅವನು ಅದನ್ನು ಡಿಎನ್‌ಎ ಜೊತೆ ಬೆರೆಸಿ ನೋಡುತ್ತಿದ್ದ. ಪ್ಲಾಟಿನಂ ಹೋಗಿ ಡಿಎನ್‌ಎಯೊಳಗಿನ ಗ್ವಾನಿನ್ ಎಂಬ ಭಾಗವನ್ನು ಹಿಡಿದುಕೊಂಡರೆ, ಲೋಳೆಹಾಳೆಯಂಥ ಜೆಲ್‌ನಲ್ಲಿ ಡಿಎನ್‌ಎಯ ಪಟ್ಟಿ, ಅಂದರೆ ಬ್ಯಾಂಡ್, ಜಾಗ ಬದಲಿಸಬೇಕು. ಅದು ಇದ್ದಲ್ಲೇ ಇತ್ತು.

ಅವನೂ ಇದ್ದಲ್ಲೇ ಇದ್ದ. ಲ್ಯಾಬಿನವರು ಅವನನ್ನು ಆಮೆ ಎನ್ನುತ್ತಿದ್ದದ್ದು ಸುಮ್ಮನೆ ಅಲ್ಲ.

“ಬ್ಯಾಂಡ್ ಸರಿದ ದಿನ ನಿಂಗೊಂದು ಮಾತು ಹೇಳ್ಬೇಕು,” ಎಂದು ಶುರುವಿನಲ್ಲೇ ಹೇಳಿದ್ದ. ಹೇಳುವಾಗ ಕಿವಿ ಕೆಂಪಾಗಿತ್ತು.

“ಈಗ್ಲೇ ಹೇಳು.”

“ಮೊದ್ಲು ಕೆಲಸ ಆಗ್ಲಿ. ಬರೀ ಕೈಯಲ್ಲಿ ಹೇಗೆ ಹೇಳ್ಲಿ?”

ಏನೆಂದು ಅವಳಿಗೆ ಗೊತ್ತಿಲ್ಲವೇ? ಬಾಯಿಬಿಟ್ಟು ಕೇಳಲು ಬಿಗುಮಾನ. ಹೊಸ ಪುಡಿ ಕೊಡುವ ನೆಪದಲ್ಲಿ ಮತ್ತೆ ಮತ್ತೆ ಮೆಟ್ಟಿಲು ಹತ್ತಿದಳು. ಸೀಸೆ ತೆಗೆದುಕೊಳ್ಳುವಾಗ ಅವನ ಬೆರಳು ಬೇಕೆಂದೇ ತಡಮಾಡುತ್ತಿತ್ತು. ಆ ಹಾಳು ಬ್ಯಾಂಡ್ ಮಾತ್ರ ಅಲುಗಲಿಲ್ಲ.

ಈ ನಡುವೆ ಅವಳ ಅಕ್ಕನ ಮನೆಯಲ್ಲಿ ಪರಿಚಯವಾದ ಹಲ್ಲಿನ ಡಾಕ್ಟರು ಎರಡನೇ ಭೇಟಿಯಲ್ಲೇ ನೇರವಾಗಿ ಕೇಳಿದರು, “ನನ್ನ ಮದುವೆ ಆಗ್ತೀರಾ?” ಕಾದು ಕಾದು ಸೋತಿದ್ದ ಅವಳು ಹೂಂ ಅಂದಳು.

ಅದಾದ ವಾರದಲ್ಲೇ, ಮೊದಲ ಸಲ ಅವನ ಪಕ್ಕ ಕೂತು ಕೆಲಸ ನೋಡುತ್ತಿದ್ದವಳು ಬೆಚ್ಚಿದಳು.

“ಇದೇನು, ಡಿಎಂಎಸ್‌ಒದಲ್ಲಿ ಕರಗಿಸ್ತಿದ್ದೀಯಾ?”

“ನಮ್ಮಲ್ಲಿ ಎಲ್ಲಾನೂ ಇದ್ರಲ್ಲೇ ಕರಗಿಸೋದು. ಯಾಕೆ?”

“ಅದ್ರಲ್ಲಿ ಗಂಧಕ ಇದೆಯಲ್ಲೋ! ಪ್ಲಾಟಿನಂ ಅದನ್ನೇ ಹಿಡ್ಕೊಂಡು ಕೂತ್ಬಿಡುತ್ತೆ. ಗ್ವಾನಿನ್ ತನಕ ಹೋಗೋದೇ ಇಲ್ಲ.”

ಅವಳ ಲ್ಯಾಬಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಮಾತು. ಅದಕ್ಕೇ ಯಾರೂ ಹೇಳಿರಲಿಲ್ಲ, ಅವಳೂ ಕೂಡ.

ಬರಿ ನೀರಿನಲ್ಲಿ ಕರಗಿಸಿದರು. ಮರುದಿನ ಸಂಜೆ ಜೆಲ್ ಮೇಲೆ ಬೆಳಕು ಹಾಕಿದಾಗ ಬ್ಯಾಂಡ್ ಸರಿದಿತ್ತು. ಅವನು ಕುಣಿಯುವುದೊಂದು ಬಾಕಿ.

“ಈಗ ಹೇಳ್ಲಾ?”

ಅವಳು ಬ್ಯಾಂಡಿನಿಂದ ಕಣ್ಣು ತೆಗೆಯದೆ ಅಂದಳು, “ನಾನು ಬೇರೆಯವ್ರಿಗೆ ಹೂಂ ಅಂದ್ಬಿಟ್ಟೆ. ಹೋದ ವಾರ.”

ಅವನ ನಗು ಮುಖದಲ್ಲೇ ಉಳಿದು, ನಿಧಾನವಾಗಿ ಹೋಯಿತು. ದೀಪ ಆರಿಸಿದ.

“ಒಳ್ಳೆಯವ್ರಾ?”

“ತುಂಬಾ ಒಳ್ಳೆಯವ್ರು. ಮನಸ್ಸಲ್ಲಿರೋದನ್ನ ಹೇಳ್ತಾರೆ.”

ಅವನು ತಲೆತಗ್ಗಿಸಿ ಕೈಗವಸು ಬಿಚ್ಚತೊಡಗಿದ. ಅದನ್ನು ನೋಡಲಾಗದೆ ಅವಳೇ ಅಂದಳು, “ಆದ್ರೂ ಹೇಳು. ನಾನು ಕೇಳ್ಬೇಕು.”

“ನೀನಂದ್ರೆ ನಂಗೆ ತುಂಬಾ ಇಷ್ಟ,” ಎಂದ.

“ಇಷ್ಟೇನಾ?” ಅವಳ ಕಣ್ಣು ತುಂಬಿ ಬಂತು. “ಇದನ್ನ ಮೆಟ್ಟಿಲ ಹತ್ರ ನಿಂತೇ ಹೇಳ್ಬಹುದಿತ್ತಲ್ಲೋ.”